ನಿನ್ನೆಯ ಮೊಸರು

ಆ ಬೆಳಿಗ್ಗೆಯೂ ಕೆಂಪಮ್ಮ ಹೊತ್ತಿಗೆ ಸರಿಯಾಗಿ ಬಂದಳು. ಹಿತ್ತಿಲ ಬಾಗಿಲಲ್ಲಿ ಮೊಸರಿನ ಗಡಿಗೆ ಇಳಿಸಿ, ಪಾವಿನಲ್ಲಿ ಅಳೆದು, ಮೇಲಿಷ್ಟು ಕೊಸರು ಹಾಕಿ, ಗಡಿಗೆಯ ಕಂಠವನ್ನು ಸೆರಗಿನಿಂದ ಒರೆಸಿ ಹೊರಟಳು. ಒಲೆಯ ಮೇಲೆ ಕಾಫಿ ನೀರು ಮರಳುತ್ತಿತ್ತು. ಅವಳು ಗೇಟು ದಾಟಿದ ಮೇಲೆ ನನಗೆ ಹೊಳೆಯಿತು: ಇವತ್ತು ಕೇಳಲೇ ಇಲ್ಲ.

ಐವತ್ತರ ದಶಕದ ನಡುವಿನ ಮಾತು. ನಾನು ಹುಣಸೂರಿಗೆ ಸೊಸೆಯಾಗಿ ಬಂದಾಗಿನಿಂದ ಅವಳದು ಒಂದೇ ಪದ್ಧತಿ. ನಿನ್ನೆಯ ಮೊಸರು ಹೇಗಿತ್ತು ಎಂದು ಕೇಳದೆ ಇವತ್ತಿನದನ್ನು ಅಳೆಯುತ್ತಿರಲಿಲ್ಲ. ಚೆನ್ನಾಗಿತ್ತು ಅಂದರೆ ಸಾಲದು. ಹುಳಿ ಎಷ್ಟಿತ್ತು, ಮಕ್ಕಳು ಉಂಡರಾ, ಪಾತ್ರೆಯಲ್ಲಿ ಉಳಿಯಿತಾ, ಎಲ್ಲ ಬೇಕು. ನಾನು ಸಂಕೋಚಕ್ಕೆ ಹೊಗಳಿದರೆ ಮುಖ ನೋಡಿಯೇ ಹಿಡಿಯುವಳು.

"ಕಾನ್ವೆಂಟಮ್ಮಾವ್ರೇ, ಮೂಗು ಸೊಟ್ಟ ಮಾಡ್ಕಂಡು ಚೆಂದಾಗಿತ್ತು ಅಂತೀರಲ್ಲ. ಕೇಳ್ದಿದ್ರೆ ನೀವು ಹೇಳೋರಲ್ಲ ಬುಡಿ. ಅದುಕ್ಕೇ ಕೇಳ್ತೀನಿ."

ಹಿಂದಿನ ದಿನ ನಾನು ಅವಳ ಹಳ್ಳಿಗೆ ಹೋಗಿದ್ದೆ. ಆರು ತಿಂಗಳಿಂದ ಒಂದು ಪರದೇಶದ ಸಂಘ ಅಲ್ಲಿಯ ಮಕ್ಕಳಿಗೆ ಹಾಲಿನ ಪುಡಿ ಹಂಚುತ್ತಿತ್ತು. ಸಂಘದ ದೊರೆಸಾನಿ ನೋಡಲು ಬಂದಿದ್ದರು. ಇಂಗ್ಲಿಷ್ ಬಲ್ಲ ಹೆಂಗಸು ಬೇಕೆಂದು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಹಳ್ಳಿಯ ಹೆಂಗಸರು ಮಾತಾಡಲು ಕೆಂಪಮ್ಮನನ್ನು ಮುಂದೆ ಬಿಟ್ಟರು.

"ಪುಡಿ ಬ್ಯಾಡ ಅನ್ನಿ, ಅಮ್ಮಾವ್ರೇ. ದನ ಇಳಿಯೋ ಕಟ್ಟೆ ನೀರಲ್ಲಿ ಕಲಸಿ ಕುಡಿಸ್ತೀವಿ, ಮಕ್ಳಿಗೆ ಒಟ್ಟೆ ಕೆಡ್ತದೆ. ನನ್ ಮೊಮ್ಮಗಳು ಮಲಗಿ ನಾಕು ದಿನಾಯ್ತು, ಕಣ್ಣು ಒಳಕ್ಕೋಗವೆ. ಒಂದು ಬಾವಿ ತೋಡಿಸ್ಕೊಡಿ ಅನ್ನಿ. ಆರು ತಿಂಗಳಾಯ್ತು, ಕೊಟ್ಟೋರು ಒಂದಿನಾನಾದ್ರೂ ಹೆಂಗಿತ್ತು ಅಂತ ಕೇಳವ್ರಾ? ಇದ್ನೂ ಹೇಳಿ."

ದೊರೆಸಾನಿ ಬಿಸಿಲಲ್ಲಿ ಕೆಂಪಾಗಿ ನಿಂತಿದ್ದರು. ಅವರ ಬಿಳಿ ಕೈಚೀಲದ ಮೇಲೆ ಧೂಳು ಕೂತಿತ್ತು. ಅಷ್ಟು ದೂರದಿಂದ ಬಂದವರ ಮನಸ್ಸು ನೋಯಿಸಬಾರದು ಅನ್ನಿಸಿತು. ತಾಯಂದಿರೆಲ್ಲ ತಮಗೆ ಕೃತಜ್ಞರು, ಮುಂದೆಂದಾದರೂ ಒಂದು ಬಾವಿಯಾದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ, ಎಂದೆ. ಮಗುವಿನ ಸುದ್ದಿ ನನ್ನ ನಾಲಿಗೆಯವರೆಗೆ ಬಂದು ನಿಂತಿತು. ದೊರೆಸಾನಿ ನಕ್ಕು, ಕೆಂಪಮ್ಮನ ಎರಡೂ ಕೈ ಹಿಡಿದು, ಮುಂದಿನ ತಿಂಗಳಿಂದ ಪುಡಿ ಎರಡರಷ್ಟು ಕಳಿಸುವೆನೆಂದರು. ಅದನ್ನು ಮಾತ್ರ ನಾನು ಇದ್ದ ಹಾಗೆಯೇ ಕನ್ನಡದಲ್ಲಿ ಹೇಳಿದೆ.

ಕೆಂಪಮ್ಮ ಕೈ ಬಿಡಿಸಿಕೊಂಡು ನನ್ನ ಕಡೆ ತಿರುಗಿದಳು. "ಅವ್ರು ಯಾಕೆ ನಕ್ರು? ನಗೋ ಮಾತು ನಾನು ಆಡ್ನಿಲ್ವಲ್ಲ."

ನಿನ್ನನ್ನು ಕಂಡರೆ ಅವರಿಗೆ ಇಷ್ಟವಾಯಿತು ಎಂದೆ. ಅವಳು ನನ್ನ ಮೂಗನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಅವಳು ಕೇಳದೆ ಹೋದದ್ದಕ್ಕೆ, ಕಾಯಿಲೆಯ ಮೊಮ್ಮಗಳ ಬಳಿಗೆ ಹಿಂತಿರುಗುವ ಅವಸರವಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಮಗು ಹೇಗಿದೆ ಎಂದು ನಾನೂ ಕೇಳಿರಲಿಲ್ಲವಲ್ಲ. ಮಧ್ಯಾಹ್ನವೆಲ್ಲ ಅದೇ ಕೊರೆಯಿತು. ಸಂಜೆ ದೊರೆಸಾನಿಗೆ ಕಾಗದ ಬರೆಯಲು ಜಗಲಿಯ ಮೇಲೆ ಕೂತೆ. ನಿನ್ನೆ ನಾನು ಹೇಳಿದ್ದು ಅವಳ ಮಾತಲ್ಲ, ಎಂಬ ಒಂದು ವಾಕ್ಯಕ್ಕೆ ಮೂರು ಹಾಳೆ ಹರಿದೆ.

ಬೇಲಿಯಾಚೆ ಮಲ್ಲಿಗೆ ಬಿಡಿಸುತ್ತಿದ್ದ ಪಕ್ಕದ ಮನೆಯ ಸರೋಜಮ್ಮ ತಲೆಯೆತ್ತದೆ ಹೇಳಿದರು: "ನಿಮ್ಮ ಕೆಂಪಮ್ಮನ ಕೈಲಿ ಸಾಕಾಯ್ತು ಕಣ್ರೀ. ನಿನ್ನೆ ಮೊಸರು ಗಟ್ಟಿಯಿತ್ತಾ, ಹುಳಿಯಿತ್ತಾ ಅಂತ ಇವತ್ತೂ ನನ್ನನ್ನ ಅರ್ಧ ಗಂಟೆ ಬಾಗಿಲಲ್ಲೇ ನಿಲ್ಲಿಸ್ಕೊಂಡಿದ್ಲು."