ಕೊಪ್ಪರಿಗೆಯ ಆ ಕಡೆ ಅಣ್ಣ

ಕೈ ಬಿಡುವ ಮೊದಲು ನಾನು ಕೂಗಬೇಕಾಗಿತ್ತು. ಕೂಗಲಿಲ್ಲ.

ಎಪ್ಪತ್ತರ ದಶಕದಲ್ಲಿ ಅಣ್ಣನೂ ನಾನೂ ಮದ್ದೂರು ಕಡೆಯ ಒಂದು ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೆಲಸಕ್ಕಿದ್ದೆವು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಅಲ್ಲಿಗೆ ಸೇರಿಸಿದವನೂ ಅವನೇ. ಪಾಕದ ಹದ ನೋಡುವುದು ಅವನ ಕೆಲಸ, ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುವುದು ನನ್ನದು. ಹದ ಬಂದಾಗ ಆ ಕಡೆ ಅವನು, ಈ ಕಡೆ ನಾನು ಕೊಪ್ಪರಿಗೆಯ ಅಂಚಿನ ಕಬ್ಬಿಣದ ಬಳೆ ಹಿಡಿದು ಮರದ ತೊಟ್ಟಿಗೆ ಬಗ್ಗಿಸಬೇಕು. ಆ ಆವಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದು. ಅದಕ್ಕೇ ಹಿಡಿತ ಸ್ವಲ್ಪ ಸಡಿಲಾದರೂ ಕೂಗಿ ಹೇಳಬೇಕು, ಎದುರಿನವನು ಓಗೊಡಬೇಕು. ಆಲೆಮನೆಗೆ ಸೇರಿದವರಿಗೆ ಮೊದಲು ಕಲಿಸುವುದೇ ಇದನ್ನು.

ಒಮ್ಮೆ ಪಾಕ ಸೀದುಹೋಯಿತು. "ಉರಿ ಜಾಸ್ತಿ ಮಾಡ್ದೋನು ನನ್ ತಮ್ಮ" ಎಂದು ಅಣ್ಣ ಆಲೆಮನೆಯ ಸಾಹುಕಾರರ ಮುಂದೆ ಹೇಳಿಬಿಟ್ಟ. ನಿಜವೇ. ಆದರೂ ಅವನ ಜೊತೆ ಮಾತು ಬಿಟ್ಟೆ. ಅವನು ಕೂಗಿದರೆ ಓಗೊಡುತ್ತಿರಲಿಲ್ಲ.

ಗಾಣಕ್ಕೆ ಕಬ್ಬು ಕೊಡುತ್ತಿದ್ದ ಮುದುಕ ರೇಗಿಸುತ್ತಿದ್ದ. "ಏನ್ಲಾ, ಒಸ ಸೊಸೆ ಆಡ್ದಂಗೆ ಆಡ್ತೀಯ? ಬಾಯ್ ಬುಡ್ಲಾ, ಹಲ್ಲೇನ್ ಉದ್ರೋಗಲ್ಲ."

ಅಣ್ಣ ನಗಲಿಲ್ಲ. "ಒಲೆ ಮುಂದೆ ಮುನಿಸು ಬ್ಯಾಡ ಕಣ್ಲಾ. ಮನೇಲಿ ಇಟ್ಕೊ."

ಅದಾದ ಸ್ವಲ್ಪ ದಿನಕ್ಕೆ ಕೊಪ್ಪರಿಗೆ ಬಗ್ಗಿಸುವಾಗ ನನ್ನ ಕೈಗೆ ಸುತ್ತಿದ್ದ ಗೋಣಿಬಟ್ಟೆ ಜಾರಿತು. ಬಳೆ ಅಂಗೈ ಸುಡತೊಡಗಿತು. 'ತಡಿ' ಎನ್ನುವಷ್ಟು ಹೊತ್ತಿತ್ತು. ನಾನೇ ಮೊದಲು ಮಾತಾಡಿದಂತಾಗುತ್ತದಲ್ಲ ಎಂದು ನುಂಗಿಕೊಂಡು ಕೈ ಬಿಟ್ಟೆ. ಕೊಪ್ಪರಿಗೆ ನೆಲಕ್ಕೆ ಬಡಿದು ಆ ಕಡೆ ವಾಲಿ, ಕುದಿಯುವ ಪಾಕ ಅಣ್ಣನ ಕಾಲುಗಳ ಮೇಲೆ ಬಿತ್ತು. ನೀರು ಸುರಿದೆವು. ಮೈಗೆ ಹತ್ತಿದ ಪಾಕ ಬಿಡಲಿಲ್ಲ, ಚರ್ಮವೂ ಜೊತೆಗೇ ಬಂತು.

ಕಬ್ಬಿನ ಲಾರಿಯಲ್ಲೇ ಮಂಡ್ಯದ ಆಸ್ಪತ್ರೆಗೆ ಸಾಗಿಸಿದೆವು. ಹೇಗಾಯಿತೆಂದು ಕೇಳಿದವರಿಗೆಲ್ಲ ಅಣ್ಣ, "ನಂದೇ ಕಾಲ್ ಜಾರ್ತು" ಎನ್ನುತ್ತಿದ್ದ. ಅದನ್ನು ಕೇಳಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಅವನಿಗೆ ಜ್ವರ ಏರಿತು. ಕಾಲಿರಲಿ, ಜೀವ ಉಳಿದರೆ ಸಾಕು ಎಂದರು ಡಾಕ್ಟರು. ಅವನು ಆ ಸುಳ್ಳಿನ ಜೊತೆಗೇ ಹೋಗಿಬಿಟ್ಟರೆ? ವಾರ್ಡಿನ ಬಾಗಿಲು ದಾಟುವ ಧೈರ್ಯ ಬರದೆ ನಾನು ಹೊರಗಿನ ಕಂಬ ಹಿಡಿದು ನಿಂತೆ.

ಅತ್ತಿಗೆ ಹೊರಗೆ ಬಂದಳು. "ಕಂಬ ತಬ್ಕೊಂಡು ನಿಂತ್ರೆ ಏನ್ ಬಂತಪ್ಪ? ಎಚ್ರ ಆದಾಗೆಲ್ಲ ನಿನ್ನೇ ಕೇಳ್ತವ್ರೆ. ಒಳಿಕ್ಕೋಗು."

ಹೋದೆ. ಅಣ್ಣ ಕಣ್ಣು ಮುಚ್ಚಿದ್ದ. ಕೇಳಿಸುತ್ತದೋ ಇಲ್ಲವೋ ತಿಳಿಯದೆ, ಪಕ್ಕದ ಹಾಸಿಗೆಯವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ:

"ನಿನ್ ಕಾಲ್ ಜಾರ್ನಿಲ್ಲ ಕಣಣ್ಣ. ನಾನೇ ಕೈ ಬುಟ್ಟಿದ್ದು. ಕೂಗ್ಬೌದಿತ್ತು, ಬೇಕಂತ್ಲೇ ಕೂಗ್ನಿಲ್ಲ. ತಪ್ಪಾಯ್ತು ಕಣಣ್ಣ."