ಕಾಲರ್ ಆಗಿಹೋದ ಕಾಗದ

ಅಳತೆ ಮಾಸ್ತರರ ಮನೆಯಲ್ಲಿ ಕಾಗದ ಕಾಗದವಾಗಿ ಉಳಿದದ್ದೇ ಇಲ್ಲ. ಕ್ಯಾಲೆಂಡರಿನ ಹಾಳೆ ಬಂದರೆ ಬಟ್ಟೆ ಕತ್ತರಿಸಲು ತೋಳಿನ ಅಚ್ಚಾಗುತ್ತಿತ್ತು, ಮದುವೆಯ ಕರೆಯೋಲೆ ಜೇಬಿನ ಅಚ್ಚಾಗುತ್ತಿತ್ತು, ಔಷಧದ ಡಬ್ಬಿಯ ರಟ್ಟು ಕೈಪಟ್ಟಿಗೆ. ಕತ್ತರಿಸಿದ್ದಕ್ಕೆಲ್ಲ ಒಂದು ತೂತು, ತೂತಿಗೊಂದು ದಾರ, ದಾರ ಹೋಗಿ ಗೋಡೆಯ ಮೊಳೆಗೆ. ಪಕ್ಕದ ಮೊಳೆಗೆ ಕತ್ತರಿ. ಬೀದಿಗೆ ಬಾಗಿಲಿದ್ದ ಆ ಒಂದೇ ಕೋಣೆಯಲ್ಲಿ ನಲವತ್ತು ವರ್ಷ ಹೊಲಿದರು. ಗಿರಾಕಿಯ ಬಟ್ಟೆಯಲ್ಲಿ ಗೇಣು ಉಳಿದರೂ ಮಡಚಿ ಅವರ ಕೈಗೇ ಇಡುತ್ತಿದ್ದರು. "ಇದು ಕರವಸ್ತ್ರಕ್ಕೂ ಆಗಲ್ಲ ಮಾಸ್ತರೇ" ಎಂದು ಯಾರಾದರೂ ನಕ್ಕರೆ, "ಆಗ್ದಿದ್ರೂ ನಿಮ್ದೇ ಅಲ್ವಾ" ಎನ್ನುತ್ತಿದ್ದರು.

ಕಾಜ, ಗುಂಡಿ, ಅಂಚಿನ ಕೈಹೊಲಿಗೆ ಹೆಂಡತಿಯ ಪಾಲು. ಆಕೆಗೆ ಅಕ್ಷರ ಅಷ್ಟಕ್ಕಷ್ಟೆ. ತನ್ನ ಹೆಸರು ಬರೆಯಬಲ್ಲಳು, ಗಂಡನ ರುಜು ಗುರುತು ಹಿಡಿಯಬಲ್ಲಳು. ಅದರ ಕೊನೆಯಲ್ಲಿ ಕತ್ತರಿಯ ಹಿಡಿಯ ಹಾಗೆ ಎರಡು ಸುತ್ತು ಇರುತ್ತಿದ್ದವು.

ಮೋಟರಿನ ಹೊಲಿಗೆ ಯಂತ್ರಕ್ಕೆಂದು ಬ್ಯಾಂಕಿನಲ್ಲಿ ಸಾಲ ಕೇಳಿದಾಗ, ಅಲ್ಲಿನ ಸಾಲದ ಗುಮಾಸ್ತ ತಾನೇ ಅಂಗಡಿಗೆ ಬಂದ. ಅವನಿಗೂ ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಬೇಕಿತ್ತು. ಮಾಸ್ತರರು ಹೊಲಿಗೆ ಬಿಚ್ಚಿ ಮತ್ತೆ ಹಾಕುವಷ್ಟರಲ್ಲಿ ಮೇಜಿನ ಮೇಲೆ ನೀಲಿ ದಪ್ಪ ಕಾಗದ ಹರಡಿದ.

"ಇದು ಕಂತಿನ ವಿಮೆ, ಮಾಸ್ತರೇ. ನಾಳೆ ನಿಮ್ಮ ಕೈಕಾಲು ಬಿದ್ರೆ ಸಾಲದ ಕಂತು ಕಂಪನಿನೇ ಕಟ್ಟುತ್ತೆ."

"ಬೇಡ ಅಂದ್ರೆ?"

"ಬೇಡ ಅಂದ್ರೆ ಸಾಲಾನೂ ಇಲ್ಲ. ಇಲ್ಲೊಂದು ರುಜು ಹಾಕಿ ಸಾಕು, ಮಿಕ್ಕಿದ್ದು ನಾನು ತುಂಬ್ಕೋತೀನಿ."

ಮಾಸ್ತರರು ಕನ್ನಡಕಕ್ಕೆ ತಡಕಾಡಿದರು. ಓದುವ ಮನಸ್ಸಿತ್ತೋ ಏನೋ. ಒಳಗಿನಿಂದ ಟೀ ತಂದ ಹೆಂಡತಿಯೇ, "ಹಾಕ್ಬಿಡಿ ರೀ. ಪಾಪ, ಅವ್ರು ಎಷ್ಟೊತ್ತು ಟವಲ್ ಸುತ್ಕೊಂಡು ಕೂತಿರ್ತಾರೆ?" ಎಂದಳು. ಗುಮಾಸ್ತ ನಕ್ಕ. ಮಾಸ್ತರರೂ ನಕ್ಕು ರುಜು ಹಾಕಿದರು. ಗುಮಾಸ್ತ ಮೇಲಿನ ಹಾಳೆಗೂ ಕಾರ್ಬನ್ನಿನ ಕೆಳಗಿನ ಹಾಳೆಗೂ ಬ್ಯಾಂಕಿನ ಠಸ್ಸೆ ಒತ್ತಿ, ಕೆಳಗಿನದನ್ನು ಇವರಿಗೆ ಕೊಟ್ಟು, ಮೇಲಿನದನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಮೂರು ವರ್ಷ ಕಂತಿನ ಜೊತೆಯಲ್ಲೇ ವಿಮೆಯ ದುಡ್ಡೂ ಹೋಯಿತು. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ಮಾಸ್ತರರ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಬಿದ್ದವು. ಹೆಂಡತಿ ಧೈರ್ಯವಾಗಿಯೇ ವಿಮೆ ಕಂಪನಿಗೆ ಅರ್ಜಿ ಹಾಕಿಸಿದಳು. ಉತ್ತರ ಬಂದ ದಿನ ಎದುರಿನ ಗುಂಡಿ ಅಂಗಡಿಯವಳನ್ನು ಕರೆದು, ಗಂಡನ ಮಂಚದ ಪಕ್ಕದಲ್ಲೇ ಓದಿಸಿದಳು. ಈ ವಿಮೆ ಸಂಬಳಕ್ಕೆ ದುಡಿಯುವವರಿಗೆ ಮಾತ್ರವಂತೆ. ಕಸುಬಿನ ಚೌಕದಲ್ಲಿ 'ಸಂಬಳದಾರ' ಎಂದು ಬರೆದಿದೆಯಂತೆ. 'ತಾವು ಸುಳ್ಳು ಮಾಹಿತಿ ನೀಡಿರುವುದರಿಂದ' ಏನೂ ಕೊಡಲಾಗದಂತೆ.

"ಸುಳ್ಳಾ? ನಮ್ಮ ಮಾಸ್ತರಾ?" ಎಂದು ಗುಂಡಿ ಅಂಗಡಿಯವಳು ಅದೇ ಸಾಲನ್ನು ಮತ್ತೊಮ್ಮೆ ಓದಿದಳು.

ಹೆಂಡತಿಯ ತಲೆಯಲ್ಲಿ ಮುಂದಿನ ಕಂತೊಂದೇ ತಿರುಗುತ್ತಿತ್ತು. "ಬಟ್ಟೆ ಆದ್ರೆ ಮೂರು ಸಲ ಅಳೀತೀರಿ. ಅದನ್ನ ಒಂದ್ಸಲ ಓದೋಕಾಗ್ಲಿಲ್ವಾ ನಿಮ್ಗೆ? ಸುಳ್ಳು ಬರೆದು ನನ್ನ ನಡುನೀರಲ್ಲಿ ಕೈಬಿಟ್ರಲ್ಲ!"

ಮಾಸ್ತರರು ಎಡಗೈ ಎತ್ತಿದರು. ಗೋಡೆಯ ಕಡೆಗೆ, ಮೊಳೆಗಳ ಕಡೆಗೆ. ಕೈ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು.

"ಏನು, ಈಗ ಕತ್ತರಿ ಬೇಕಾ? ಹೊಲಿದದ್ದು ಸಾಕು, ಮಲ್ಕೊಳ್ಳಿ."

ಕೈ ಕೆಳಗಿಳಿಯಿತು. ಮತ್ತೆ ಆ ಕಡೆಗೆ ಏಳಲಿಲ್ಲ. ನಾಲ್ಕು ತಿಂಗಳಿಗೆ ಅವರೂ ಹೋದರು.

ಸಾಲವನ್ನು ಆಕೆ ಅದೇ ಯಂತ್ರದ ಮುಂದೆ ಕೂತು ಹೊಲಿದು ತೀರಿಸಿದಳು. ತೀರದೆ ಉಳಿದದ್ದು ಆ ಒಂದು ಮಾತು. ಗೇಣು ಬಟ್ಟೆಗೂ ಆಸೆ ಪಡದ ಮನುಷ್ಯನ ಹೆಸರಿಗೆ ಯಾವುದೋ ಕಂಪನಿ ಸುಳ್ಳನ್ನು ಅಂಟಿಸಿತಲ್ಲ, ತಾನೂ ಅದನ್ನೇ ಅವರ ಮುಖದ ಮೇಲೆ ಆಡಿದೆನಲ್ಲ. ಅದೊಂದನ್ನು ಅಳಿಸಿಹಾಕಿಸಬೇಕು. ಗುಂಡಿ ಅಂಗಡಿಯವಳು ದೂರು ಬರೆದುಕೊಟ್ಟಳು. ಬ್ಯಾಂಕಿನಲ್ಲಿ, "ರುಜು ಅವರದ್ದೇ ತಾನೇ?" ಎಂದು ಕೇಳಿ ಸಾಗಹಾಕಿದರು. ಆ ಗುಮಾಸ್ತನಿಗೆ ವರ್ಗವಾಗಿ ವರ್ಷವಾಗಿತ್ತು. ಎರಡು ಬಸ್ಸು ಬದಲಿಸಿ, ಮೂರು ಮಹಡಿ ಹತ್ತಿ, ವಿಮೆಯ ದೂರು ಕೇಳುವ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಹೆಂಗಸು ಕುರ್ಚಿ ತೋರಿಸಿ ಕೂರಿಸಿ, ಎಲ್ಲ ಕೇಳಿಸಿಕೊಂಡು, ಮೊದಲೇ ಅಂಚೆಯಲ್ಲಿ ಬಂದಿದ್ದ ದೂರಿನ ಮೇಲೆ ಕಂಪನಿಯಿಂದ ತರಿಸಿಟ್ಟಿದ್ದ, ಮಾಸ್ತರರು ರುಜು ಹಾಕಿದ್ದ ವಿಮೆಯ ಅರ್ಜಿಯನ್ನು ಹೊರತೆಗೆದಳು.

"ಅಮ್ಮಾ, ಅವತ್ತು ನಿಮಗೆ ಕೊಟ್ಟ ಪ್ರತಿ ಇದ್ಯಾ?"

"ಕೊಟ್ಟಿದ್ರು ಮೇಡಂನೋರೇ. ನಮ್ಮನೇಲಿ ಕಾಗದ ಉಳಿಯಲ್ಲ, ಅಂಗಿ ಆಗ್ಬಿಡುತ್ತೆ."

ಅಂದ ಮೇಲೆ ಆ ಮಾತು ಆಕೆಗೇ ಕೇಳಿಸಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣ ಮುಂದೆ ಅದೇ. ನೀಲಿ ಕಾಗದ. ದಪ್ಪ ಕಾಗದ. ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಮೊಳೆಯ ಅಚ್ಚುಗಳನ್ನೆಲ್ಲ ಇಳಿಸಿ ನೆಲಕ್ಕೆ ಹರಡಿದಳು. ತೋಳು, ಜೇಬು, ಕೈಪಟ್ಟಿ, ಅವುಗಳ ನಡುವೆ ನೀಲಿ ಕಾಲರು. ಗಂಡ ಹೋದಂದಿನಿಂದ ಅದರ ಬರಿಯ ಬೆನ್ನು ಮೇಲಾಗಿಟ್ಟು ಎಷ್ಟು ಅಂಗಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದಳೋ. ಈಗ ತಿರುವಿ ನೋಡಿದಳು. ಕತ್ತರಿ ಹಿಡಿಯಂಥ ಎರಡು ಸುತ್ತು, ಪಕ್ಕದಲ್ಲಿ ಠಸ್ಸೆ, ಮೇಲೊಂದು ಖಾಲಿ ಚೌಕ.

ಮರುದಿನ ಅಧಿಕಾರಿ ಆ ಕಾಲರನ್ನು ಕಂಪನಿ ಕಳಿಸಿದ್ದ ಅರ್ಜಿಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ರುಜುವಿನ ಮೇಲೆ ರುಜು ಸರಿಯಾಗಿ ಕೂತಿತು. ಅರ್ಜಿಯ ಚೌಕದಲ್ಲಿ 'ಸಂಬಳದಾರ'. ಕಾಲರಿನ ಚೌಕದಲ್ಲಿ ಏನೂ ಇಲ್ಲ.

"ರುಜು ಕಾರ್ಬನ್ನಿಂದ ಇಳಿದಿದೆ, ಈ ಅಕ್ಷರ ಇಳಿದಿಲ್ಲ. ಅಂದ್ರೆ ಪ್ರತಿ ಹರಿದುಕೊಟ್ಟ ಮೇಲೆ ತುಂಬಿದ್ದಾರೆ. ಇದು ನಿಮ್ಮ ಯಜಮಾನ್ರು ಬರೆದದ್ದಲ್ಲಮ್ಮ." ಆಮೇಲೆ ಅಂಚನ್ನು ಬೆರಳಿನಿಂದ ಸವರಿ, "ಕತ್ತರಿ ಒಂಚೂರು ಈಚೆ ಬಂದಿದ್ರೆ ಚೌಕಾನೇ ಹೋಗಿರೋದು" ಎಂದಳು.

"ನಮ್ಮೋರ ಕತ್ತರಿ ಆಚೀಚೆ ಹೋಗಲ್ಲ."

"ಇದನ್ನ ಮೊದಲೇ ಯಾಕೆ ತರಲಿಲ್ಲ?"

ಮಾಸ್ತರರು ಮಂಚದಿಂದ ಗೋಡೆಯ ಕಡೆಗೆ ಎಡಗೈ ಎತ್ತಿದ್ದು ಆಗ ನೆನಪಾಯಿತು. ಕತ್ತರಿಯೂ ಅದೇ ಗೋಡೆಯಲ್ಲಿತ್ತು. ಯಾವುದನ್ನು ತೋರಿಸಿದರೋ, ಈಗ ಯಾರನ್ನು ಕೇಳುವುದು?

ಎರಡು ತಿಂಗಳಿಗೆ ಕಂಪನಿಯ ಕಾಗದ ಬಂತು. ಗುಂಡಿ ಅಂಗಡಿಯವಳು ಬಾಗಿಲಲ್ಲೇ ಒಡೆದಳು. "ಅಕ್ಕಾ, ವಿಮೆಗೆ ಕಟ್ಟಿದ್ದೆಲ್ಲಾ ವಾಪಸ್ಸು, ಬಡ್ಡಿ ಸಮೇತ!"

"ಅದಿರ್ಲಿ. ಆ ಸುಳ್ಳಿನ ಸಾಲು ಏನಾಯ್ತು ನೋಡು."

"'ಸುಳ್ಳು ಮಾಹಿತಿ ನೀಡಿದ್ದಾರೆಂಬ ಮಾತನ್ನು ವಿಷಾದದಿಂದ ಹಿಂದಕ್ಕೆ ಪಡೆಯುತ್ತೇವೆ.'"

"ಇನ್ನೊಂದ್ಸಲ ಓದೇ. ಅವತ್ತು ಓದಿದ್ಯಲ್ಲ, ಅಲ್ಲೇ ಕೂತು ಓದು."

ಗುಂಡಿ ಅಂಗಡಿಯವಳು ಒಳಗೆ ಬಂದು, ಖಾಲಿ ಮಂಚದ ತುದಿಗೆ ಕೂತು, ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಕಣ್ಣೊರೆಸಿಕೊಂಡು, "ಇದೂ ದಪ್ಪ ಕಾಗದಾನೇ. ಕತ್ತರಿಸ್ಬಿಟ್ಟೀಯ ಮತ್ತೆ" ಎಂದಳು. ಇಬ್ಬರೂ ನಗಲು ನೋಡಿದರು, ಆಗಲಿಲ್ಲ.

ನೀಲಿ ಕಾಲರು ಕಚೇರಿಯ ಕಡತದಲ್ಲೇ ಉಳಿಯಿತು. ಮಾರನೆಯ ದಿನ ಒಂದು ಅಂಗಿ ಕೊಡಬೇಕಿತ್ತು. ಅಭ್ಯಾಸಬಲದಿಂದ ಕೈ ಮೊಳೆಗೆ ಹೋಯಿತು, ಅಲ್ಲಿ ಅದಿರಲಿಲ್ಲ. ಕಣ್ಣಳತೆಯಲ್ಲೇ ಕಾಲರು ಕತ್ತರಿಸಿ ಹೊಲಿದಳು. ಒಂದು ತುದಿ ನೂಲಿನಷ್ಟು ಇಳಿದಿತ್ತು. ಗಿರಾಕಿಗೆ ಗೊತ್ತಾಗುವಂಥದ್ದಲ್ಲ. ಆಕೆ ಅಂಗಿಯನ್ನು ಮಡಿಲಿಗೆಳೆದುಕೊಂಡು, ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.