ಸೌಂಡ್‌ಬಾರಿನ ತಲೆಗೆ ಕಟ್ಟಿದ ಸದ್ದು

ನಮ್ಮ ಅತ್ತೆಯ ಕಿವಿ ಚುರುಕು. ಅಡುಗೆಮನೆಯಲ್ಲಿ ನಾನು ಹಾಲು ಉಕ್ಕಿಸಿದರೆ ಮಂಚದ ಮೇಲಿಂದಲೇ "ಹೋಯ್ತಾ?" ಅನ್ನುತ್ತಾರೆ. ಅಂಥವರಿಗೆ ಟಿವಿಯ ಮಾತು ಕೇಳಿಸದೆ ಹೋದದ್ದು ಪಕ್ಕದ ಸೈಟಿನಲ್ಲಿ ಅಗೆಯಲು ಶುರು ಮಾಡಿದ ಮೇಲೆ. ಬಿಳೇಕಹಳ್ಳಿಯ ನಮ್ಮ ಬೀದಿಯಲ್ಲಿ ಉಳಿದಿದ್ದ ಕೊನೆಯ ಹೆಂಚಿನ ಮನೆಯನ್ನು ಕೆಡವಿ, ನೆಲದ ಕೆಳಗೆ ಎರಡು ಅಂತಸ್ತು ಕಾರು ನಿಲ್ಲಿಸಲು ಗುಂಡಿ ತೋಡುತ್ತಿದ್ದರು. ಬಂಡೆ ಸಿಕ್ಕಿತಂತೆ, ಒಡೆಯೋದಕ್ಕೆ ಬ್ರೇಕರ್ ಬಂತು. ಬೆಳಗ್ಗೆಯಿಂದ ಸಂಜೆಯವರೆಗೆ, ಮಧ್ಯಾಹ್ನದ ಊಟದ ಹೊತ್ತೊಂದು ಬಿಟ್ಟು, ಅದರದೇ ಕುಟ್ಟಾಟ.

ಸೊಂಟದ ಆಪರೇಷನ್ ಆದಮೇಲೆ ಅತ್ತೆ ಕೋಣೆ ಬಿಟ್ಟು ಬರುವುದು ಕಡಿಮೆ. ಟಿವಿಯನ್ನೂ ಅವರ ಕೋಣೆಗೇ ಸಾಗಿಸಿ, ಆ ಸೈಟಿನ ಕಡೆಯ ಗೋಡೆಗೆ, ಮಂಚದ ಎದುರಿಗೆ ಹಾಕಿದ್ದೆವು. "ಬಾಯಿ ಆಡುಸ್ತವ್ರೆ, ಮಾತೇ ಕಾಣೆ. ಮೂಕಿ ಸೀರಿಯಲ್ ಆಯ್ತಲ್ಲ ಕಣವ್ವ" ಅಂದರು ಒಂದು ದಿನ. ನಮ್ಮವರು ಅದೇ ವಾರ ಸೌಂಡ್‌ಬಾರ್ ತರಿಸಿದರು. ಮೊಳಕ್ಕಿಂತ ಸ್ವಲ್ಪ ಉದ್ದ, ಒಂದೇ ಪೀಸು, ನೆಲದ ಮೇಲೆ ಇಡುವ ಬೇಸಿನ ಡಬ್ಬ ಬೇರೆ ಇಲ್ಲ. ಆ ಚಿಕ್ಕ ಕೋಣೆಗೆ ಅಷ್ಟೇ ಹಿಡಿಸುತ್ತಿದ್ದದ್ದು. ಹತ್ತು ದಿನದೊಳಗೆ ಸರಿಯಿಲ್ಲ ಅನಿಸಿದರೆ ವಾಪಸ್ ಕೊಡಬಹುದಿತ್ತು. ಹಾಗಾಗಿ ಪರೀಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಅವಸರದವಳಲ್ಲ. ಬೆಳಗಿನ ವಾರ್ತೆ, ಹನ್ನೊಂದರ ಭಜನೆ, ಸಂಜೆಯ ಸೀರಿಯಲ್, ಒಂದೊಂದನ್ನೂ ಬೇರೆ ಬೇರೆ ಕೇಳಿ ಬರೆದಿಟ್ಟುಕೊಂಡೆ. ಮಾತಿನ ಮೋಡ್ ಒತ್ತಿದರೆ ಹಿನ್ನೆಲೆ ಸಂಗೀತದ ಅಡಿಯಿಂದ ಸೊಸೆಯ ಅಳು ಬಿಡಿಬಿಡಿಯಾಗಿ ಮೇಲೆ ಬರುತ್ತಿತ್ತು. ಭಜನೆಯಲ್ಲಿ ತಬಲಾದ ಎಡಗೈ ಪೆಟ್ಟು ತುಂಬಿಕೊಂಡಿತ್ತು. ಮಂಚದ ಯಾವ ಮೂಲೆಯಲ್ಲಿ ಕೂತರೂ ಸದ್ದು ಒಂದೇ ಸಮ. ಒಂದೇ ದೋಷ: ವಾಲ್ಯೂಮ್ ಏರಿಸಿದಾಗ ಎಲ್ಲೋ ಝರ್ರ್ ಅನ್ನುತ್ತಿತ್ತು. ಸಣ್ಣಗೆ, ಹಲ್ಲಿಗೆ ತಾಗುವ ಹಾಗೆ.

ಕಪಾಟಿನ ಮೇಲಿನ ಸ್ಟೀಲ್ ಲೋಟ ತೆಗೆದೆ. ದೇವರ ಫೋಟೋ ಇಳಿಸಿದೆ. ಮಾತ್ರೆ ಡಬ್ಬಿಯನ್ನು ಹಾಲಿಗೆ ಒಯ್ದೆ. ಆಮೇಲೂ ಝರ್ರ್. ಕೊನೆಗೆ ಕಿಟಕಿಯ ಗಾಜಿಗೆ ಬೆರಳಿಟ್ಟರೆ ನಿಲ್ಲುತ್ತಿತ್ತು, ತೆಗೆದರೆ ಮತ್ತೆ.

"ಅದು ಬೇಸ್ ಕಣೇ. ಗಾಜು ಅಲ್ಲಾಡದೆ ಇದ್ರೆ ಅದೆಂಥ ಸೌಂಡ್‌ಬಾರು" ಅಂದರು ನಮ್ಮವರು.

"ಬೇಸ್ ಕಮ್ಮಿ ಮಾಡಿದ್ರೂ ಬರ್ತಿದೆ ರೀ."

"ಹಾಗಾದ್ರೆ ಪೀಸೇ ಸರಿಯಿಲ್ಲ. ಬದಲಾಯಿಸೋಣ."

ಬದಲಾಯಿಸಿದರು. ಎರಡನೆಯದೂ ಹಾಗೇ. ಟೇಬಲ್ ಮೇಲಿಟ್ಟದ್ದಕ್ಕೆ ಹೀಗಾಗಿರಬೇಕು ಎಂದು ಭಾನುವಾರ ಇವರು ಡ್ರಿಲ್ ಹಿಡಿದು ಗೋಡೆಗೆ ತೂತು ಹೊಡೆದರು. ಬ್ರಾಕೆಟ್ ಕೂತಿತು. ಅದರ ಜೊತೆಗೆ ತೂತಿನಿಂದ ಕಿಟಕಿಯ ಕಡೆಗೆ ಕೂದಲೆಳೆಯಂಥ ಒಂದು ಬಿರುಕೂ ಬಂತು.

"ಕಂಟ್ರಾಕ್ಟರ್ ಸಾಹೇಬ್ರು ನಮ್ಮ ಮನೇಲೇ ಅವ್ರೆ" ಎಂದು ಅತ್ತೆ ಮಗನನ್ನು ಚುಡಾಯಿಸಿದರು. ಇವರು ಪುಟ್ಟಿ ತಂದು ಮೆತ್ತಿದರು. ಬುಧವಾರ ನೋಡಿದರೆ ಪುಟ್ಟಿಯೂ ಸೀಳಿತ್ತು. ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿದೆ. ಗುರುವಾರ ಅದು ಗೆರೆ ದಾಟಿ ಒಂದು ಗೇಣು ಮುಂದೆ ಹೋಗಿತ್ತು. ಆಗಲೂ ನಾನು ಬೈದದ್ದು ಡ್ರಿಲ್ಲನ್ನೇ.

ಇಷ್ಟೆಲ್ಲ ಬರೆದಿಟ್ಟವಳು ಒಂದನ್ನು ಬಿಟ್ಟಿದ್ದೆ. ಮಧ್ಯಾಹ್ನ ಅತ್ತೆ ಮಲಗುತ್ತಾರೆಂದು ಸೌಂಡ್‌ಬಾರ್ ಹಾಕುತ್ತಿರಲಿಲ್ಲ. ಬ್ರೇಕರ್ ನಿಲ್ಲುತ್ತಿದ್ದದ್ದೂ ಅದೇ ಹೊತ್ತಿಗೆ. ಅದು ಕುಟ್ಟಲು ಶುರು ಮಾಡಿದರೆ ನಾವು ವಾಲ್ಯೂಮ್ ಏರಿಸುತ್ತಿದ್ದೆವು. ಎರಡೂ ಒಟ್ಟಿಗೇ ಶುರು, ಒಟ್ಟಿಗೇ ನಿಲುಗಡೆ. ಯಾವುದು ಯಾವುದರ ಸದ್ದು ಎಂದು ಬಿಡಿಸಿ ನೋಡಲು ನನಗೆ ಹೊಳೆಯಲೇ ಇಲ್ಲ.

ಶುಕ್ರವಾರ ಹತ್ತೂವರೆಗೆ ಕರೆಂಟ್ ಹೋಯಿತು. ಟಿವಿ ಕಪ್ಪಾಯಿತು, ಸೌಂಡ್‌ಬಾರಿನ ಕೆಂಪು ದೀಪವೂ ಆರಿತು. ಗಾಜು ಮಾತ್ರ ಝರ್ರ್ ಅನ್ನುತ್ತಲೇ ಇತ್ತು.

ಅತ್ತೆ ನನ್ನ ಮುಖ ನೋಡಿದರು. "ಆಫ್ ಮಾಡವ್ವ" ಅಂದರು. "ಆಫ್ ಆಗೇ ಇದೆ ಅತ್ತೆ" ಅಂದೆ.

ಗೋಡೆಗೆ ಅಂಗೈ ಇಟ್ಟೆ. ಜ್ವರ ಬಂದ ಮಗುವಿನ ಬೆನ್ನಿನ ಹಾಗೆ ನಡುಗುತ್ತಿತ್ತು. ಟೆರೇಸಿಗೆ ಹತ್ತಿ ಬಗ್ಗಿದೆ. ನಮ್ಮ ಕಾಂಪೌಂಡಿನ ಬುಡದಿಂದಲೇ ಮಣ್ಣನ್ನು ನೇರಕ್ಕೆ, ಚಾಕುವಿನಲ್ಲಿ ಬೆಣ್ಣೆ ಕೊಯ್ದ ಹಾಗೆ, ಕೊಯ್ದಿದ್ದರು. ಅಷ್ಟು ಆಳಕ್ಕೆ ಒಂದು ಆಸರೆಯ ಗೋಡೆಯಿಲ್ಲ. ಮೂಲೆಯಲ್ಲಿ ಮಣ್ಣು ಜರಿದ ಕಡೆ ನಮ್ಮ ಮನೆಯ ಪಾಯದ ಕಲ್ಲುಗಳು ಬಿಸಿಲಿಗೆ ಬಿದ್ದಿದ್ದವು. ಮೂವತ್ತು ವರ್ಷದಿಂದ ನಾನು ಗುಡಿಸಿ ಸಾರಿಸಿದ ಮನೆಯ ಕಾಲನ್ನು ಅವತ್ತೇ ಮೊದಲು ನೋಡಿದ್ದು. ಸರಿಯಾಗಿ ಅದರ ಮೇಲೇ ಅತ್ತೆಯ ಕೋಣೆ.

ಸೈಟಿಗೆ ಹೋದೆ. ಸೂಪರ್‌ವೈಸರ್ ಫೋನಿನಲ್ಲಿದ್ದವನು ಕೈಯಲ್ಲೇ ನಿಲ್ಲಿ ಅಂದ. ಆಮೇಲೆ, "ಇನ್ನೆರಡು ದಿನ ಅಕ್ಕ, ಸೈಡ್ ಗೋಡೆ ಎಬ್ಬಿಸಿಬಿಡ್ತೀವಿ. ಈ ಥರ ಎಷ್ಟೋ ಮಾಡಿದೀವಿ" ಅಂದ.

"ಅಲ್ಲಿ ನಮ್ಮತ್ತೆ ಮಲಗ್ತಾರೆ."

"ಮಲಗ್ಲಿ ಅಕ್ಕ. ಏನೂ ಆಗಲ್ಲ."

ಇವರು ಕೆಲಸದಿಂದ ಬೇಗ ಬಂದರು. ಟೆರೇಸಿನಿಂದ ನೋಡಿ ಇಳಿದವರೇ ಮಂಚದ ನಟ್ಟು ಬಿಚ್ಚತೊಡಗಿದರು. ಅತ್ತೆ ಏಳಲಿಲ್ಲ. "ಈ ಗೋಡೆ ನಿಮ್ಮಪ್ಪ ಕುಂತು ಕಟ್ಟುಸಿದ್ದು. ನಾನೇ ನೀರುಣ್ಸಿವ್ನಿ. ಬೀಳಾಕಿಲ್ಲ ಬುಡು" ಅಂದರು.

"ಗೋಡೆ ಗಟ್ಟಿಯಾಗೇ ಇದೆ ಅವ್ವ. ಕೆಳಗೆ ನೆಲ ಇಲ್ಲ."

ಅವರು ವಾಕರಿಗೆ ಕೈ ಚಾಚಿದರು. ಕತ್ತಲಾಗುವ ಮುಂಚೆ ಅವರ ಹಾಸಿಗೆ ಬೀದಿ ಬದಿಯ ಹಾಲಿಗೆ ಬಂತು. ಅವರಿವರಿಗೆ ಫೋನ್ ಮಾಡಿದ್ದಾಯಿತು. ಒಬ್ಬ ಎಂಜಿನಿಯರು ಸೋಮವಾರ ಬಂದು ನೋಡುತ್ತೇನೆ ಅಂದರು.

ಶನಿವಾರ ಬೆಳಗ್ಗೆ ತುಂತುರು. ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ಲಾರಿಯಿಂದ ಜಲ್ಲಿ ಸುರಿದ ಹಾಗೆ, ಸ್ವಲ್ಪ ನಿಧಾನಕ್ಕೆ. ಕೋಣೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಇರಬಾರದ ಬೆಳಕು. ಕಾಂಪೌಂಡೂ ಕೋಣೆಯ ಮೂಲೆಯೂ ಗುಂಡಿಗೆ ಇಳಿದಿದ್ದವು. ಕಿಟಕಿ ಮಾತ್ರ ಚೌಕಟ್ಟಿನ ಸಮೇತ ಒಳಗೆ ಬಿದ್ದಿತ್ತು, ನಿನ್ನೆ ಮಂಚವಿದ್ದ ಜಾಗದ ಮೇಲೆ. ಸೂಪರ್‌ವೈಸರ್ ಆಮೇಲೆ ನಮ್ಮ ಫೋನ್ ಎತ್ತಲಿಲ್ಲ.

ಈಗ ಅರೆಕೆರೆಯಲ್ಲಿ ಬಾಡಿಗೆಗೆ ಇದ್ದೇವೆ. ಮೂಲೆ ಬಿದ್ದದ್ದು ಅತ್ತೆಗೆ ಗೊತ್ತು. ಅದನ್ನು ಕಟ್ಟುತ್ತಿದ್ದಾರೆ ಎಂದು ನಂಬಿದ್ದಾರೆ, ನಂಬಿಸಿದವಳು ನಾನು. ವಾರಕ್ಕೊಮ್ಮೆ ಕೇಳುತ್ತಾರೆ, "ಗೋಡೆ ಎಲ್ಲಿಗೆ ಬಂತವ್ವ?" ಮೊದಲ ವಾರ ಪಾಯ ಅಂದೆ. ಆಮೇಲೆ ಕಿಟಕಿ ಮಟ್ಟ ಅಂದೆ. ಮೊನ್ನೆ ಸಜ್ಜಾ ಅಂದುಬಿಟ್ಟೆ. ನಿನ್ನೆ ಹೋಗಿ ನೋಡಿ ಬಂದೆ. ಗುಂಡಿಯಲ್ಲಿ ಮಳೆ ನೀರು ನಿಂತಿದೆ, ಕೆಲಸದವರು ಒಬ್ಬರೂ ಇಲ್ಲ, ಅಡುಗೆಮನೆಯ ಗೋಡೆಗೂ ಬಿರುಕು ಬಂದಿದೆ. ಬೆಳಗ್ಗೆ ಅತ್ತೆ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದರು. "ತಾರಸಿ ಹಾಕೋ ದಿನ ನಾನೂ ಬತ್ತೀನಿ" ಅಂದರು. ಆಗಲಿ ಅತ್ತೆ ಅಂದೆ.